ವಾದ್ಯದ ಗಾತ್ರವೂ ನಾದವೂ: ಯುಕುಲೆಲೆ, ಗುಮಟೆ ಮತ್ತು ಮದ್ದಳೆ

ವಾದ್ಯವು ಹಿರಿದಾದಷ್ಟೂ ಅದರ ದನಿ ಇಳಿಯುವುದೆಂದೂ ಕಿರಿದಾದಷ್ಟೂ ಏರುವುದೆಂದೂ ಸಾಮಾನ್ಯವಾದ ತಿಳಿವಳಿಕೆ. ದೇವಾಲಯದ ಮುಖಮಂಟಪದಲ್ಲಿ ತೂಗುಬಿಟ್ಟ ದೊಡ್ಡ ಗಂಟೆಯನ್ನೂ ಅರ್ಚಕರ ಕೈಗಂಟೆಯನ್ನೂ ಒಟ್ಟಿಗೆ ಕೇಳಿದವರಿಗೆ ಈ ವಿಷಯದಲ್ಲಿ ಸಂದೇಹ ಹುಟ್ಟಲು ಕಾರಣವಿಲ್ಲ. ಆದರೆ ಇದೇ ನಿಯಮವನ್ನು ತಂತಿವಾದ್ಯಗಳಿಗೂ ಚರ್ಮವಾದ್ಯಗಳಿಗೂ ಹಾಗೆಯೇ ಅನ್ವಯಿಸಹೊರಟರೆ ತೊಡಕು ಕಾಣಿಸಿಕೊಳ್ಳುತ್ತದೆ. ಆ ತೊಡಕನ್ನು ಬಿಡಿಸುವುದೂ, ಹಾಗೆ ಬಿಡಿಸಿದಾಗ ಇತಿಹಾಸದ ವಿದ್ಯಾರ್ಥಿಗೆ ದೊರೆಯುವ ಪ್ರಯೋಜನವನ್ನು ತೋರಿಸುವುದೂ ಈ ಲೇಖನದ ಉದ್ದೇಶವಾಗಿದೆ. ಇತಿಹಾಸದ ಅಧ್ಯಾಪಕನೊಬ್ಬನು ನಾದಶಾಸ್ತ್ರದ ಹೊಲಕ್ಕೆ ಕಾಲಿಟ್ಟುದನ್ನು ಭೌತವಿಜ್ಞಾನದ ಮಿತ್ರರು ಮನ್ನಿಸುವರೆಂದು ನಂಬಿದ್ದೇನೆ.

ಈ ವಿಚಾರಕ್ಕೆ ಪ್ರೇರಣೆ ಒದಗಿದುದು ಒಬ್ಬ ವಿದ್ಯಾರ್ಥಿಯ ಪ್ರಶ್ನೆಯಿಂದ. ಕುಮಟೆಯ ಕಡೆಯಿಂದ ಬರುವ ಆತನು ಒಂದು ದಿನ ಎರಡು ಯುಕುಲೆಲೆಗಳನ್ನು ತಂದು ಮೇಜಿನ ಮೇಲಿರಿಸಿದನು. ಒಂದು ಆಟಿಕೆಯಂತೆ ಚಿಕ್ಕದು. ಇನ್ನೊಂದು ಅದಕ್ಕಿಂತ ಗೇಣುದ್ದಕ್ಕೆ ಸ್ವಲ್ಪ ಕಡಿಮೆ ಉದ್ದವಾದುದು. ಎರಡರ ಬಿಡಿತಂತಿಗಳನ್ನು ಮೀಟಿ ತೋರಿಸಿ, ಗಾತ್ರ ಬೇರೆಯಾದರೂ ಸ್ವರಗಳು ಒಂದೇ ಆಗಿರುವುದೇಕೆ, ಸ್ವರ ಒಂದೇ ಆದ ಮೇಲೆ ಎರಡು ಗಾತ್ರಗಳು ಏತಕ್ಕೆ ಬೇಕು ಎಂದು ಕೇಳಿದನು. ಅಲ್ಲಿಗೇ ನಿಲ್ಲಿಸದೆ, ತನ್ನ ಊರಿನಲ್ಲಿ ಸುಗ್ಗಿಯ ಕಾಲಕ್ಕೆ ಬಾರಿಸುವ ಗುಮಟೆಗಳಲ್ಲಿ ದೊಡ್ಡದರ ದನಿ ಬೇರೆ, ಸಣ್ಣದರ ದನಿ ಬೇರೆ. ಅಲ್ಲಿ ಹಾಗೆ, ಇಲ್ಲಿ ಹೀಗೆ ಏಕೆ ಎಂದೂ ಕೇಳಿದನು. ಪ್ರಶ್ನೆಯ ಎರಡನೆಯ ಭಾಗವೇ ಹೆಚ್ಚು ಬೆಲೆಯುಳ್ಳದ್ದೆಂದು ನನಗೆ ತೋರಿತು.

ಮೊದಲು ಯುಕುಲೆಲೆಯ ವೃತ್ತಾಂತವನ್ನು ಸಂಕ್ಷೇಪವಾಗಿ ಹೇಳಬೇಕು. ಇದನ್ನು ಹವಾಯಿ ದ್ವೀಪಗಳ ವಾದ್ಯವೆಂದು ಕರೆಯುವುದು ವಾಡಿಕೆಯಾದರೂ ಇದರ ಮೂಲವು ಪೋರ್ಚುಗೀಸರದು. 1879ರ ಆಗಸ್ಟ್ 23ರಂದು ರೇವನ್ಸ್‌ಕ್ರ್ಯಾಗ್ ಎಂಬ ಹಡಗು ಅಟ್ಲಾಂಟಿಕ್ ಸಾಗರದ ಮಡೀರಾ ದ್ವೀಪದಿಂದ ನಾನೂರಕ್ಕೂ ಹೆಚ್ಚು ಜನರನ್ನು ಹೊತ್ತು ಹೊನೊಲುಲು ಬಂದರನ್ನು ಸೇರಿತು. ಕಬ್ಬಿನ ತೋಟಗಳಲ್ಲಿ ದುಡಿಯುವ ಕರಾರಿನ ಮೇಲೆ ಬಂದವರು ಅವರು. ಅವರಲ್ಲಿ ಮ್ಯಾನುಯೆಲ್ ನುನೆಸ್, ಅಗಸ್ಟೊ ಡಿಯಾಸ್, ಜೊಸೆ ದೊ ಎಸ್ಪಿರಿಟೊ ಸಾಂಟೊ ಎಂಬ ಮೂವರು ಮರಗೆಲಸದವರಿದ್ದರು. ಕರಾರು ತೀರಿದ ಬಳಿಕ ಇವರು ವಾದ್ಯ ತಯಾರಿಕೆಗೆ ಕೈಹಾಕಿ, ತಮ್ಮ ನಾಡಿನ ನಾಲ್ಕು ತಂತಿಗಳ ಮಷೆಟೆ ಎಂಬ ಪುಟ್ಟ ವಾದ್ಯದ ಆಕಾರವನ್ನು ಅಲ್ಲಿನ ಕೋವಾ ಮರದಲ್ಲಿ ಕಡೆದರು. ಅದರ ಶ್ರುತಿಕ್ರಮವು ಮಾತ್ರ ರಜಾವೊ ಎಂಬ ಐದು ತಂತಿಯ ಇನ್ನೊಂದು ಮಡೀರಾ ವಾದ್ಯದಿಂದ ಬಂದುದೆಂದು ವಿದ್ವಾಂಸರ ಅಭಿಪ್ರಾಯ. ಹವಾಯಿಯ ಅರಸನಾಗಿದ್ದ ಕಲಾಕವುವಿನ ಆಶ್ರಯ ದೊರೆತುದರಿಂದ ಅದು ಅಲ್ಲಿನ ಜನರ ವಾದ್ಯವೇ ಆಯಿತು. ಹವಾಯಿಯ ನುಡಿಯಲ್ಲಿ ಆ ಹೆಸರಿಗೆ ಜಿಗಿಯುವ ಚಿಗಟ ಎಂದರ್ಥ. ತಂತಿಗಳ ಮೇಲೆ ಓಡುವ ಬೆರಳುಗಳನ್ನು ನೋಡಿ ಇಟ್ಟ ಹೆಸರಿರಬೇಕು. 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ನಡೆದ ಅಂತರರಾಷ್ಟ್ರೀಯ ಪ್ರದರ್ಶನದ ತರುವಾಯ ಅಮೆರಿಕದಲ್ಲೆಲ್ಲ ಅದು ಹರಡಿತು. ಆಗಿನವರೆಗೆ ಇದ್ದುದು ಒಂದೇ ಗಾತ್ರ. ಸಭಾಗೃಹಗಳಲ್ಲಿ ಹಿಂದಿನ ಸಾಲಿನವರಿಗೂ ಕೇಳಿಸಬೇಕಾದಾಗ ಅದರ ದನಿ ಸಾಲದೆ ಹೋಯಿತು. ದೊಡ್ಡ ಗಾತ್ರಗಳು ಹುಟ್ಟಿದುದು ಈ ಕೊರತೆಯಿಂದ.

ಹಾಗೆ ಹುಟ್ಟಿದ ನಾಲ್ಕು ಗಾತ್ರಗಳು ಇಂದು ಬಳಕೆಯಲ್ಲಿವೆ. ಮೂಲದ ಚಿಕ್ಕ ಗಾತ್ರಕ್ಕೆ ಸೊಪ್ರಾನೊ ಎಂದು ಹೆಸರು. ಇದರಲ್ಲಿ ಮಿಡಿಯುವ ತಂತಿಯ ಉದ್ದ, ಎಂದರೆ ಕುದುರೆಯಿಂದ ದಂಡಿಯ ಮೇಲ್ತುದಿಯ ಪಟ್ಟಿಯವರೆಗಿನ ಅಂತರ, ಸುಮಾರು 33ರಿಂದ 35 ಸೆಂಟಿಮೀಟರು. 1920ರ ದಶಕದಲ್ಲಿ ಬಂದ ಕಾನ್ಸರ್ಟ್ ಗಾತ್ರದಲ್ಲಿ ಅದು ಸುಮಾರು 38, ಅದರ ಬೆನ್ನಿಗೇ ಬಂದ ಟೆನರ್‌ನಲ್ಲಿ ಸುಮಾರು 43, 1940ರ ದಶಕದ ಬ್ಯಾರಿಟೋನ್‌ನಲ್ಲಿ 48ರಿಂದ 51 ಸೆಂಟಿಮೀಟರು. ಮೊದಲ ಮೂರು ಗಾತ್ರಗಳಿಗೂ ಶ್ರುತಿ ಒಂದೇ. ನಮ್ಮಲ್ಲಿ ಹಾರ್ಮೋನಿಯಮ್ಮಿನ ಮನೆಗಳನ್ನು ಬಿಳಿ, ಕರಿ ಎಂದು ಎಣಿಸುವ ಪದ್ಧತಿಯನ್ನು ಹಿಡಿದು ಹೇಳುವುದಾದರೆ, ಅದರ ನಾಲ್ಕು ತಂತಿಗಳು ಅನುಕ್ರಮವಾಗಿ ಬಿಳಿ ಐದು, ಬಿಳಿ ಒಂದು, ಬಿಳಿ ಮೂರು ಮತ್ತು ಬಿಳಿ ಆರಕ್ಕೆ ಕೂಡಿರುತ್ತವೆ. ಬಿಳಿ ಒಂದನ್ನು ಷಡ್ಜವೆಂದು ಭಾವಿಸಿದರೆ ಇವು ಪಂಚಮ, ಷಡ್ಜ, ಗಾಂಧಾರ, ಧೈವತ. ಸೆಕೆಂಡಿಗೆ ಕ್ರಮವಾಗಿ 392, 262, 330, 440 ಕಂಪನಗಳು. ಮೊದಲ ತಂತಿಯ ಪಂಚಮವು ಮಂದ್ರದ್ದಲ್ಲ, ಮಧ್ಯಸ್ಥಾಯಿಯದು ಎಂಬುದು ವಿಶೇಷ. ಏನೂ ತಿಳಿಯದವನು ಸುಮ್ಮನೆ ಬೆರಳಾಡಿಸಿದರೂ ರಿಷಭವೊಂದನ್ನು ಬಿಟ್ಟು ಭೂಪಾಲಿಯ ಸ್ವರಗಳು ಕೇಳಿಸುತ್ತವೆ. ಈ ವಾದ್ಯವು ನಮ್ಮ ಹುಡುಗರಿಗೆ ಇಷ್ಟು ಬೇಗ ಒಗ್ಗಿರುವುದಕ್ಕೆ ಇದೂ ಒಂದು ಕಾರಣವಿರಬಹುದೆಂದು ನನ್ನ ಊಹೆ.

ಇನ್ನು ಕಾರಣದ ವಿಚಾರ. ತಂತಿಯ ಸ್ವರವನ್ನು ನಿರ್ಣಯಿಸುವ ಅಂಶಗಳು ಮೂರು ಎಂದು ಫ್ರಾನ್ಸಿನ ಮೆರ್ಸೆನ್ 1636ರಷ್ಟು ಹಿಂದೆಯೇ ಸ್ಥಾಪಿಸಿದನು. ಉದ್ದ ಇಮ್ಮಡಿಯಾದರೆ ಸ್ವರವು ಒಂದು ಸ್ಥಾಯಿ ಇಳಿಯುತ್ತದೆ; ಬಿಗಿತವನ್ನು ನಾಲ್ಮಡಿಗೊಳಿಸಿದರೆ ಒಂದು ಸ್ಥಾಯಿ ಏರುತ್ತದೆ; ತಂತಿಯು ಅದೇ ಉದ್ದಕ್ಕೆ ನಾಲ್ಕು ಪಟ್ಟು ಭಾರವಾದರೆ ಒಂದು ಸ್ಥಾಯಿ ಇಳಿಯುತ್ತದೆ. ಇದರಿಂದ ತಿಳಿದುಬರುವುದೇನೆಂದರೆ, ಉದ್ದವನ್ನು ಹೆಚ್ಚಿಸಿದುದರಿಂದ ಇಳಿದ ಸ್ವರವನ್ನು ಬಿರಡೆ ತಿರುಗಿಸಿ ಮರಳಿ ಏರಿಸಬಹುದು. 33 ಸೆಂಟಿಮೀಟರಿನ ತಂತಿಯನ್ನೇ 43 ಸೆಂಟಿಮೀಟರಿಗೆ ಎಳೆದು ಅದೇ ಸ್ವರವನ್ನು ಪಡೆಯಬೇಕಾದರೆ ಬಿಗಿತವು ಸುಮಾರು 1.7 ಪಟ್ಟು ಆಗಬೇಕು. ಆದುದರಿಂದ ಯುಕುಲೆಲೆಯ ಗಾತ್ರವು ಸ್ವರವನ್ನು ನಿರ್ಣಯಿಸುತ್ತಿಲ್ಲ; ಸ್ವರವನ್ನು ನಿರ್ಣಯಿಸುವವನು ಬಿರಡೆಯನ್ನು ಹಿಡಿದವನು.

ಹಾಗಾದರೆ ಗಾತ್ರದ ಕಾರ್ಯವೇನು? ಹೆಚ್ಚು ಬಿಗಿತವುಳ್ಳ ತಂತಿಯು ಕುದುರೆಯನ್ನು ಹೆಚ್ಚು ಬಲದಿಂದ ಅಲುಗಿಸುತ್ತದೆ. ಹಲಗೆಯು ವಿಸ್ತಾರವಾಗಿದ್ದರೆ ಆ ಅಲುಗಾಟವು ಹೆಚ್ಚು ಗಾಳಿಯನ್ನು ಕಲಕುತ್ತದೆ. ಆದಕಾರಣ ದೊಡ್ಡ ವಾದ್ಯದ ದನಿ ತುಂಬಿ ಬರುತ್ತದೆ, ಹೆಚ್ಚು ಹೊತ್ತು ನಿಲ್ಲುತ್ತದೆ. ಇದರ ಜೊತೆಗೆ ವಾದ್ಯದ ಒಡಲೊಳಗಿನ ಗಾಳಿಗೂ ತನ್ನದೇ ಆದ ಒಂದು ಸ್ವರವುಂಟು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಪ್ರಕಟಿಸಿದ ನಾದಶಾಸ್ತ್ರದ ಗ್ರಂಥದಲ್ಲಿ ಇಂತಹ ಗಾಳಿಯ ಅನುನಾದವನ್ನು ವಿವರವಾಗಿ ವಿವೇಚಿಸಿದ್ದಾನೆ. ಒಡಲು ಹಿಗ್ಗಿದರೆ ಗಾಳಿಯ ಸ್ವರ ಇಳಿಯುತ್ತದೆ. ಒಡಲಿನ ಬಾಯಿ ಕಿರಿದಾದರೂ ಇಳಿಯುತ್ತದೆ. ನಲ್ಲಿಯ ಕೆಳಗೆ ಕೊಡವನ್ನಿಟ್ಟಾಗ ನೀರು ಏರಿದಂತೆಲ್ಲ ಸದ್ದೂ ಏರುವುದನ್ನು ಕೇಳಿ, ಕೊಡ ತುಂಬುತ್ತ ಬಂದುದನ್ನು ಒಳಗಿನಿಂದಲೇ ತಿಳಿಯುವ ನಮ್ಮ ಮನೆಯ ಹೆಂಗಸರಿಗೆ ಈ ತತ್ತ್ವವು ಹೆಲ್ಮ್‌ಹೋಲ್ಟ್ಸನಿಗಿಂತ ಮೊದಲೇ ಗೊತ್ತಿತ್ತು. ಸೊಪ್ರಾನೊ ಯುಕುಲೆಲೆಯ ಪುಟ್ಟ ಒಡಲು ಷಡ್ಜದ ತಂತಿಯ ಮೂಲಸ್ವರಕ್ಕೆ ಬೇಕಾದಷ್ಟು ಆಸರೆ ಕೊಡಲಾರದು. ಅದು ಎತ್ತಿಹಿಡಿಯುವುದು ಮೇಲಿನ ಉಪಸ್ವರಗಳನ್ನು. ಅದರ ದನಿ ಚುರುಕಾಗಿ, ಕಿಲಕಿಲನೆ ನಗುವಂತೆ ಕೇಳಿಸಿ ತಟ್ಟನೆ ಮುಗಿಯುವುದು ಇದರಿಂದ. ಟೆನರಿನ ಒಡಲು ಅದೇ ಷಡ್ಜಕ್ಕೆ ಮೈತುಂಬುತ್ತದೆ. ಸ್ವರ ಒಂದೇ, ಕಂಠ ಬೇರೆ ಎಂದರೆ ವಿದ್ಯಾರ್ಥಿಯ ಮೊದಲ ಪ್ರಶ್ನೆಗೆ ಉತ್ತರವಾಯಿತು.

ಬ್ಯಾರಿಟೋನ್ ಒಂದು ಮಾತ್ರ ಇದಕ್ಕೆ ಹೊರತಾಗಿದೆ. ಐವತ್ತು ಸೆಂಟಿಮೀಟರಿನ ಉದ್ದಕ್ಕೆ ಅದೇ ತಂತಿಯನ್ನು ಅದೇ ಸ್ವರಕ್ಕೆ ಎಳೆಯಹೋದರೆ ಬಿಗಿತವು ಸುಮಾರು 2.3 ಪಟ್ಟಾಗುವುದು; ಇದನ್ನು ತಂತಿಯೂ ತೆಳು ಹಲಗೆಯೂ ತಾಳಲಾರವು. ಆದುದರಿಂದ ಅದರ ಷಡ್ಜವನ್ನು ಮಂದ್ರದ ಬಿಳಿ ಐದಕ್ಕೆ ಇಳಿಸಿ, ಪ ಸ ಗ ಧ ಎಂಬ ಸಂಬಂಧವನ್ನು ಉಳಿಸಿಕೊಂಡು, ಪಂಚಮವನ್ನು ಷಡ್ಜಕ್ಕಿಂತ ಕೆಳಗೆ ಕೂಡಿಸಿದರು. ಬಿಗಿಯುವ ಸ್ವಾತಂತ್ರ್ಯಕ್ಕೆ ಒಂದು ಮಿತಿಯುಂಟು, ಆ ಮಿತಿ ಮುಗಿದಲ್ಲಿ ಗಾತ್ರವು ಮತ್ತೆ ತನ್ನ ಅಧಿಕಾರವನ್ನು ಸ್ಥಾಪಿಸುತ್ತದೆ ಎಂಬುದನ್ನು ವಾಚಕರು ಇಲ್ಲಿ ಗಮನಿಸಬೇಕು. ಮುಂದಿನ ವಿವೇಚನೆಗೆ ಇದೇ ಕೀಲಿಕೈ.

ಮಷೆಟೆಯನ್ನು ಮಡೀರಾಕ್ಕೆ ಒಯ್ದ ಪೋರ್ಚುಗೀಸರು ನಮ್ಮ ಬಂದರುಗಳಿಗೆ ಅಪರಿಚಿತರಲ್ಲ. 1505ರಲ್ಲಿ ಹೊನ್ನಾವರವೂ 1542ರಲ್ಲಿ ಭಟ್ಕಳವೂ ಅವರ ನೌಕಾಬಲದ ದಾಳಿಗೆ ತುತ್ತಾದುವು. ಭಟ್ಕಳದ ಅಕ್ಕಿ, ಸಕ್ಕರೆ, ಕಬ್ಬಿಣಗಳ ವ್ಯಾಪಾರವನ್ನು ಬಾರ್ಬೋಸಾ ತನ್ನ ಬರಹದಲ್ಲಿ ವರ್ಣಿಸಿದ್ದಾನೆ. ಅವರ ಹಡಗುಗಳು ಹೋದೆಡೆಯಲ್ಲೆಲ್ಲ ಈ ಬಗೆಯ ಪುಟ್ಟ ತಂತಿವಾದ್ಯಗಳು ಬೇರೂರಿವೆ. ಬ್ರೆಜಿಲ್, ಕೇಪ್ ವರ್ಡೆ, ಇಂಡೊನೇಷ್ಯಾಗಳಲ್ಲಿ ಅವು ಇಂದಿಗೂ ಜನಪದ ವಾದ್ಯಗಳು. ನಮ್ಮ ಕರಾವಳಿಯಲ್ಲಿ ಹಾಗಾಗಲಿಲ್ಲ. ಗೋವೆಯಲ್ಲಿ ನಡೆದುದು ಬಹುಮಟ್ಟಿಗೆ ಇದರ ವಿಪರ್ಯಯ: 19ನೆಯ ಶತಮಾನದಲ್ಲಿ ಅಲ್ಲಿನ ಕ್ರೈಸ್ತರಲ್ಲಿ ರೂಪುಗೊಂಡ ಮಾಂಡೊ ಎಂಬ ಗೀತಪ್ರಕಾರಕ್ಕೆ ಯುರೋಪಿನ ಪಿಟೀಲಿನೊಡನೆ ಜೊತೆಗೂಡಿದುದು ಈ ನೆಲದ ಮಣ್ಣಿನ ವಾದ್ಯವಾದ ಗುಮಟೆ. ಗೋವೆಯಲ್ಲಿ ಇದನ್ನು ಘುಮಟ ಎನ್ನುವರು. 2019ರಲ್ಲಿ ಅಲ್ಲಿನ ಸರ್ಕಾರವು ಇದನ್ನು ರಾಜ್ಯದ ಪರಂಪರೆಯ ವಾದ್ಯವೆಂದು ಘೋಷಿಸಿತು. ಕಾಳಿ ನದಿಯಿಂದ ದಕ್ಷಿಣಕ್ಕೆ ಅಂಕೋಲೆ, ಕುಮಟೆ, ಹೊನ್ನಾವರಗಳ ಹಾಲಕ್ಕಿ ಒಕ್ಕಲಿಗರಲ್ಲಿಯೂ, ಇನ್ನೂ ಕೆಳಗೆ ಕುಂದಾಪುರದ ಕಡೆಯ ಕುಡುಬಿಯರಲ್ಲಿಯೂ ಹೋಳಿ ಸುಗ್ಗಿಗಳ ಹಾಡು ಕುಣಿತಗಳಿಗೆ ಗುಮಟೆಯೇ ಆಧಾರ. ಗುಮಟೆ ಪಾಂಗು ಎಂದು ಹಾಲಕ್ಕಿಗಳ ಹಾಡಿಕೆಯ ಒಂದು ಪ್ರಕಾರಕ್ಕೆ ವಾದ್ಯದಿಂದಲೇ ಹೆಸರು ಬಂದಿದೆ.

ಗುಮಟೆಯ ರಚನೆಯು ಸರಳ. ಕುಂಬಾರನು ಮಾಡಿದ ಮಣ್ಣಿನ ಮಡಕೆ. ಅದಕ್ಕೆ ಎರಡು ಬಾಯಿಗಳು. ಅಗಲವಾದ ಬಾಯಿಗೆ ಚರ್ಮವನ್ನು ಬಿಗಿದಿರುತ್ತಾರೆ. ಕಿರಿದಾದ ಇನ್ನೊಂದು ಬಾಯಿ ತೆರೆದಿರುತ್ತದೆ. ಹೆಗಲಿಗೆ ತೂಗುಹಾಕಿಕೊಂಡು ಒಂದು ಕೈಯಿಂದ ಚರ್ಮವನ್ನು ಬಡಿಯುತ್ತ, ಇನ್ನೊಂದು ಅಂಗೈಯಿಂದ ತೆರೆದ ಬಾಯಿಯನ್ನು ಮುಚ್ಚಿ ತೆರೆಯುತ್ತಾರೆ. ಅಂಗೈ ಬಾಯನ್ನು ಅರೆಮುಚ್ಚಿದಾಗ ಒಳಗಿನ ಗಾಳಿಯ ಸ್ವರ ಇಳಿಯುತ್ತದೆ, ತೆರೆದಾಗ ಏರುತ್ತದೆ. ಗುಮಟೆಯ ಆ ಗುಮುಗುಡುವ, ನುಂಗಿ ಉಗುಳುವಂತಹ ದನಿ ಹುಟ್ಟುವುದು ಹೀಗೆ. ಯುಕುಲೆಲೆಯಲ್ಲಿ ತೆರೆಮರೆಯಲ್ಲಿದ್ದ ಗಾಳಿಯು ಇಲ್ಲಿ ಮುಂದೆ ಬಂದು ನಿಂತಿದೆ.

ಚರ್ಮದ ನಿಯಮವು ತಂತಿಯ ನಿಯಮಕ್ಕೆ ಹತ್ತಿರವಾದುದು. ಬಾಯಿಯ ವ್ಯಾಸ ಹೆಚ್ಚಿದಷ್ಟೂ ಸ್ವರ ಇಳಿಯುತ್ತದೆ. ಬಿಗಿತ ಹೆಚ್ಚಿದಷ್ಟೂ ಏರುತ್ತದೆ. ಚರ್ಮ ಭಾರವಾದಷ್ಟೂ ಇಳಿಯುತ್ತದೆ. ಆದರೆ ಗುಮಟೆಗೆ ಬಿರಡೆಯಿಲ್ಲ, ಎಳೆದು ಬಿಗಿಯುವ ಬಾರೂ ಇಲ್ಲ. ಒಮ್ಮೆ ಬಿಗಿದ ಚರ್ಮವನ್ನು ಬಿಸಿಲಿಗೋ ಬೆಂಕಿಯ ಕಾವಿಗೋ ಒಡ್ಡಿ ಸ್ವಲ್ಪ ಏರಿಸಬಹುದು. ಇಬ್ಬನಿ ಬಿದ್ದರೆ ಅದು ತಾನಾಗಿ ಇಳಿಯುವುದು. ಇಷ್ಟನ್ನು ಬಿಟ್ಟರೆ ಗುಮಟೆಯ ದನಿಯು ಕುಂಬಾರನ ಚಕ್ರದ ಮೇಲೆಯೇ ನಿಶ್ಚಯವಾಗಿ ಹೋಗಿರುತ್ತದೆ. ದೊಡ್ಡ ಗುಮಟೆ ದೊಡ್ಡ ದನಿಯಲ್ಲಿಯೂ ಸಣ್ಣದು ಸಣ್ಣ ದನಿಯಲ್ಲಿಯೂ ಮಾತನಾಡಲೇಬೇಕು. ವಿದ್ಯಾರ್ಥಿಯ ಎರಡನೆಯ ಪ್ರಶ್ನೆಗೆ ಇದು ಉತ್ತರ: ಬಿಗಿತವನ್ನು ಬದಲಾಯಿಸುವ ಉಪಾಯವು ಎಷ್ಟು ಕಡಿಮೆಯೋ ಗಾತ್ರದ ಅಧಿಕಾರವು ಅಷ್ಟು ಹೆಚ್ಚು.

ಗುಮಟೆಯ ಚರ್ಮದ ವಿಷಯದಲ್ಲಿ ಒಂದು ಮಾತನ್ನು ಹೇಳದಿರಲಾಗದು. ಹಿಂದೆ ಇದಕ್ಕೆ ಉಡದ ಚರ್ಮವನ್ನು ಹಾಕುತ್ತಿದ್ದರು. ಅದು ತೆಳುವಾದರೂ ಗಟ್ಟಿಯಾದುದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಉಡಕ್ಕೆ ರಕ್ಷಣೆ ನೀಡಿದ ಮೇಲೆ ಅದನ್ನು ಕೊಲ್ಲುವುದೂ ಚರ್ಮವನ್ನು ಬಳಸುವುದೂ ಅಪರಾಧವಾಗಿದೆ. ಈಗ ಹಾಕುವುದು ಆಡಿನ ಚರ್ಮ. ಕಾಯಿದೆಯು ನ್ಯಾಯವಾದುದು, ಒಂದು ದನಿಗಾಗಿ ಪ್ರಾಣಿಯೊಂದನ್ನು ನಿರ್ವಂಶಗೊಳಿಸಬೇಕೆಂದು ಯಾರೂ ವಾದಿಸಲಾರರು. ಆದರೆ ಇತಿಹಾಸಕಾರನು ಈ ವರ್ಷವನ್ನು ಗುರುತು ಹಾಕಿಕೊಳ್ಳಬೇಕು. ಅದೇ ಮಡಕೆಗೆ ಅದೇ ಬಿಗಿತದಲ್ಲಿ ಇಮ್ಮಡಿ ಭಾರದ ಚರ್ಮವನ್ನು ಹಾಕಿದರೆ, ಲೆಕ್ಕದ ಪ್ರಕಾರ, ಬಿಳಿ ಒಂದರಲ್ಲಿ ನುಡಿಯುತ್ತಿದ್ದ ಚರ್ಮವು ಕೆಳಗಿನ ಕರಿ ಮೂರಕ್ಕೆ ಇಳಿಯುವುದು. ಅರ್ಧ ಸ್ಥಾಯಿಯ ಇಳಿತ. ಚರ್ಮ ಬದಲಾದ ಮೇಲೆ ಹಿಂದಿನ ದನಿಯನ್ನು ಕೇಳಿ ಉಳಿಸಿಕೊಂಡ ಹಿರಿಯರು ಗಾತ್ರವನ್ನು ಕುಗ್ಗಿಸಿ ಅದನ್ನು ಮರಳಿ ಪಡೆಯಲೆತ್ನಿಸಿದರೋ, ಅಥವಾ ಇಳಿದ ದನಿಗೇ ಒಗ್ಗಿಕೊಂಡರೋ ಎಂಬುದನ್ನು 1972ಕ್ಕೆ ಮುಂಚಿನ ಮತ್ತು ಅನಂತರದ ಮಡಕೆಗಳನ್ನು ಅಳೆದರೆ ಮಾತ್ರ ಹೇಳಬಹುದು. ದೆಹಲಿಯ ಕಾಯಿದೆಯೊಂದರ ಪರಿಣಾಮವನ್ನು ಕುಮಟೆಯ ಮಡಕೆಯ ವ್ಯಾಸದಲ್ಲಿ ಓದಬಹುದೆಂಬುದು ನಮ್ಮ ವಿದ್ಯಾರ್ಥಿಗಳಿಗೆ ಸೋಜಿಗವಾಗಿ ಕಂಡೀತು.

ಯುಕುಲೆಲೆಗೂ ಗುಮಟೆಗೂ ನಡುವೆ ನಿಲ್ಲುವುದು ಯಕ್ಷಗಾನದ ಮದ್ದಳೆ. ಗುಣವಂತೆಯ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಸ್ಥಾಪಿಸಿದ ಇಡಗುಂಜಿ ಮೇಳದಿಂದ ಹಿಡಿದು ಊರೂರಿನ ಹವ್ಯಾಸಿ ತಂಡಗಳವರೆಗೆ ಈ ಸೀಮೆಯ ಆಟಗಳನ್ನು ಕಂಡವರಿಗೆ ಮದ್ದಳೆಯನ್ನು ಪರಿಚಯಿಸಬೇಕಾಗಿಲ್ಲ. ಮೃದಂಗಕ್ಕಿಂತ ಕಿರಿದಾದ ಮರದ ಒಡಲು, ಎರಡು ಮುಚ್ಚಿಗೆಗಳು, ಅವನ್ನು ಎಳೆದು ಹಿಡಿದ ಬಾರು. ಬಲಮುಚ್ಚಿಗೆಯ ನಡುವೆ ಕರಣೆಯನ್ನು ಹಾಕಿ ಅದನ್ನು ಭಾಗವತರ ಷಡ್ಜಕ್ಕೆ ಕೂಡಿಸುತ್ತಾರೆ.

ಬರಿಯ ಚರ್ಮಕ್ಕೆ ಸ್ಪಷ್ಟವಾದ ಸ್ವರವಿಲ್ಲ. ಅದರ ಮೂಲಕಂಪನವನ್ನು ಒಂದು ಎಂದು ಎಣಿಸಿದರೆ ಉಪಕಂಪನಗಳು 1.59, 2.14, 2.30 ಹೀಗೆ ಒಂದಕ್ಕೊಂದು ಹೊಂದದೆ ಹೋಗುತ್ತವೆ. ಕಿವಿಗೆ ಕೇಳುವುದು ಸದ್ದು ಮಾತ್ರ. ನಡುವೆ ಕರಣೆಯ ಭಾರ ಬಿದ್ದಾಗ ಈ ಕಂಪನಗಳು ಸರಿಯಾಗಿ ಒಂದು, ಎರಡು, ಮೂರು, ನಾಲ್ಕು, ಐದು ಎಂಬ ಪ್ರಮಾಣಕ್ಕೆ ಬರುತ್ತವೆಂದು ಸಿ. ವಿ. ರಾಮನ್ನರು ಸಹೋದ್ಯೋಗಿಯೊಬ್ಬರೊಡನೆ 1920ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿ, 1934ರಲ್ಲಿ ಸವಿಸ್ತಾರವಾಗಿ ನಿರೂಪಿಸಿದರು. ಚರ್ಮದ ಒಂಬತ್ತು ಬಗೆಯ ಕಂಪನಗಳು ಐದು ಸುಸ್ವರಗಳೊಳಗೆ ಅಡಗುತ್ತವೆಂಬುದು ಅವರ ಸಿದ್ಧಾಂತ. ಅವರು ಪರೀಕ್ಷಿಸಿದುದು ಮೃದಂಗ ಮತ್ತು ತಬಲಾಗಳ ಜಾತಿಯನ್ನಾದರೂ, ಕರಣೆಯುಳ್ಳ ಮದ್ದಳೆಗೂ ತತ್ತ್ವ ಅದೇ. ಗುಮಟೆಯು ಲಯವನ್ನಷ್ಟೇ ಕೊಟ್ಟರೆ ಮದ್ದಳೆಯು ಲಯದೊಡನೆ ಷಡ್ಜವನ್ನೂ ನುಡಿಯುತ್ತದೆ. ಷಡ್ಜವನ್ನು ನುಡಿಯುವ ವಾದ್ಯವು ತಪ್ಪು ಷಡ್ಜವನ್ನು ನುಡಿದರೆ ಹಾಡುವವರ ಪಾಡು ಹೇಳತೀರದು. ಆದುದರಿಂದ ಇಲ್ಲಿ ಗಾತ್ರದ ಪ್ರಶ್ನೆಗೆ ಹೆಚ್ಚಿನ ತೂಕವಿದೆ.

ಹಾರ್ಮೋನಿಯಮ್ಮಿನಲ್ಲಿ ಒಂದು ಮನೆ, ಎಂದರೆ ಬಿಳಿ ಒಂದರಿಂದ ಪಕ್ಕದ ಕರಿ ಒಂದಕ್ಕೆ, ಏರಬೇಕಾದರೆ ಚರ್ಮದ ಬಿಗಿತವನ್ನು ಪ್ರತಿಶತ 12ರಷ್ಟು ಹೆಚ್ಚಿಸಬೇಕು. ಮೂರು ಮನೆ ಏರಲು ಪ್ರತಿಶತ 41ರಷ್ಟು. ಒಂದು ಸ್ಥಾಯಿ ಪೂರ್ತಿ ಏರಲು ನಾಲ್ಕು ಪಟ್ಟು. ಚರ್ಮವಾಗಲಿ ಬಾರಾಗಲಿ ಇಷ್ಟನ್ನು ತಾಳಲಾರವು. ಇಳಿಸಹೋದರೆ ಚರ್ಮವು ಸಡಿಲವಾಗಿ ಕರಣೆಯು ನುಡಿಯುವುದನ್ನೇ ನಿಲ್ಲಿಸುತ್ತದೆ. ಒಂದು ಮದ್ದಳೆಯು ಸುಖವಾಗಿ ನುಡಿಯುವುದು ತನ್ನ ಬಾಯಿಯ ವ್ಯಾಸಕ್ಕೆ ಒಪ್ಪುವ ಕೆಲವೇ ಮನೆಗಳಲ್ಲಿ. ಹಿಂದುಸ್ತಾನೀ ಸಂಗೀತದ ತಬಲಾದಲ್ಲಿ ಈ ಸಂಗತಿ ಇನ್ನೂ ಸ್ಪಷ್ಟ: ಬಲಗೈಯ ತಬಲಾದ ಬಾಯಿ ಸುಮಾರು 5½ ಅಂಗುಲವಿದ್ದರೆ ಅದು ಕರಿ ಒಂದರ ಆಸುಪಾಸಿಗೆ, 5 ಅಂಗುಲವಿದ್ದರೆ ಅದಕ್ಕಿಂತ ಏರಿದ ಶ್ರುತಿಗೆ, 6 ಅಂಗುಲದ್ದು ಇಳಿದ ಶ್ರುತಿಗೆ ಸಲ್ಲುತ್ತದೆ, ವಾದಕರು ಎರಡು ಮೂರನ್ನು ಹೊತ್ತುಕೊಂಡೇ ಸಂಚರಿಸುತ್ತಾರೆ.

ಇಲ್ಲಿಂದ ಇತಿಹಾಸದ ಬಾಗಿಲು ತೆರೆಯುತ್ತದೆ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಬಯಲಿನ ನಡುವೆ ರಾತ್ರಿಯಿಡೀ ಹಾಡುವ ಭಾಗವತರು, ಚಂಡೆಯ ಅಬ್ಬರವನ್ನು ದಾಟಿ ಕೊನೆಯ ಸಾಲಿನ ಪ್ರೇಕ್ಷಕನನ್ನು ಮುಟ್ಟಬೇಕಾಗಿದ್ದಿತು. ಏರಿದ ಶ್ರುತಿಯು ಆಗ ಅಭಿರುಚಿಯ ವಿಷಯವಾಗಿರಲಿಲ್ಲ, ಅನಿವಾರ್ಯವಾಗಿತ್ತು. ಇಂದು ಭಾಗವತರು ತಮ್ಮ ಕಂಠಕ್ಕೆ ಒಪ್ಪುವ ಶ್ರುತಿಯನ್ನು ಆರಿಸಿಕೊಳ್ಳಬಲ್ಲರು. ಯಂತ್ರವು ಉಳಿದುದನ್ನು ನೋಡಿಕೊಳ್ಳುತ್ತದೆ. ಶ್ರುತಿಯನ್ನು ಬಿಳಿ ಕರಿ ಮನೆಗಳಿಂದ ಹೆಸರಿಸುವ ಪದ್ಧತಿಯೂ ಹಳೆಯದಲ್ಲ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯು ಮುಂಬಯಿ ಆಧಿಪತ್ಯಕ್ಕೆ ಸೇರಿದುದು, ಕುಮಟೆಯ ಬಂದರಿನಿಂದ ಧಾರವಾಡ ಸೀಮೆಯ ಹತ್ತಿಯು ಮುಂಬಯಿಗೆ ಸಾಗುತ್ತಿದ್ದುದು, ಮರಾಠಿ ನಾಟಕ ಮಂಡಳಿಗಳ ಸಂಪರ್ಕ, ಇವೆಲ್ಲ ಹಾರ್ಮೋನಿಯಮ್ಮಿಗೆ ಹಾದಿಯಾದುವೆಂದು ಊಹಿಸಬಹುದು. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ಆಡಿಸಿದ ಮೊದಲ ಮರಾಠಿ ನಾಟಕಕ್ಕೆ ನಮ್ಮ ಜಿಲ್ಲೆಯ ಬಯಲಾಟದ ಮೇಳವೊಂದರ ಪ್ರದರ್ಶನವೇ ಪ್ರೇರಣೆಯೆಂಬುದು ಪ್ರಸಿದ್ಧವಾಗಿದೆ. ನಾವು ಕೊಟ್ಟುದಕ್ಕೆ ಪ್ರತಿಯಾಗಿ ಸ್ಥಿರಸ್ವರದ ಪೆಟ್ಟಿಗೆಯೊಂದು ನಮಗೆ ಬಂದಿತು ಎನ್ನೋಣ. ಅದು ಬರುವ ಮುಂಚೆ ನಮ್ಮ ಭಾಗವತರು ಯಾವ ಶ್ರುತಿಯಲ್ಲಿ ಹಾಡುತ್ತಿದ್ದರು?

ಈ ಪ್ರಶ್ನೆಗೆ ಯಾವ ಬರಹವೂ ಉತ್ತರ ಹೇಳುವುದಿಲ್ಲ. ಪ್ರಸಂಗಗಳ ತಾಳೆಗರಿಗಳಲ್ಲಿ ರಾಗ ತಾಳಗಳ ಹೆಸರುಗಳಿವೆ, ಶ್ರುತಿಯಿಲ್ಲ. ಹಳೆಯ ಗ್ರಾಮಫೋನ್ ಮುದ್ರಿಕೆಗಳನ್ನೂ ಈ ವಿಷಯದಲ್ಲಿ ಪೂರ್ತಿಯಾಗಿ ನಂಬುವಂತಿಲ್ಲ. ಮುದ್ರಿಸಿದ ವೇಗವೂ ನುಡಿಸುವ ವೇಗವೂ ಒಂದೇ ಆಗಿರದಿದ್ದರೆ ಶ್ರುತಿಯು ಒಂದೆರಡು ಮನೆ ಆಚೀಚೆ ಸರಿಯುತ್ತದೆ. ಉಳಿದಿರುವ ಸಾಕ್ಷಿಯೆಂದರೆ ಅಟ್ಟಗಳ ಮೇಲೆ ಬಿದ್ದಿರುವ ಮದ್ದಳೆಯ ಒಡಲುಗಳು. ಬಾಯಿಯ ವ್ಯಾಸವು ಸುಳ್ಳು ಹೇಳದು. ಇಂಥದೇ ಶ್ರುತಿಯೆಂದು ಅದರಿಂದ ನಿರ್ಧರಿಸಲಾಗದಿದ್ದರೂ, ಇಂಥ ಮನೆಯಿಂದ ಇಂಥ ಮನೆಯ ಒಳಗೆ ಎಂದು ಎಲ್ಲೆಯನ್ನು ಹಾಕಬಹುದು. ಹತ್ತಿಪ್ಪತ್ತು ಒಡಲುಗಳನ್ನು ಅಳೆದು ಹೋಲಿಸಿದಾಗ ಎಲ್ಲೆಯು ಇನ್ನೂ ಕಿರಿದಾಗುತ್ತದೆ. ಹಳೆಯ ಯುಕುಲೆಲೆಯೊಂದನ್ನು ಅಳೆದರೆ ಅದರ ಒಡೆಯನು ಯಾವ ಸ್ವರಕ್ಕೆ ಕೂಡಿಸಿದ್ದನೆಂದು ತಿಳಿಯಲಾಗದು. ಗುಮಟೆಯನ್ನು ಅಳೆದರೆ ಬಹುಮಟ್ಟಿಗೆ ತಿಳಿದೀತು. ಮದ್ದಳೆಯಿಂದ ತಿಳಿಯುವುದು ಇವೆರಡರ ನಡುವಿನಷ್ಟು. ಸಾಕ್ಷಿಯ ಬಲಾಬಲವನ್ನು ತೂಗಿ ನೋಡುವ ನಮ್ಮ ಶಿಸ್ತಿಗೆ ಇದೇನೂ ಹೊಸದಲ್ಲ.

ಸ್ವಂತದ ಮಾತನ್ನು ಇಂತಹ ಲೇಖನದಲ್ಲಿ ತರಬಾರದೆಂಬ ನಿಯಮವನ್ನು ಒಮ್ಮೆ ಮೀರುತ್ತೇನೆ. ನನ್ನ ತಾಯಿಯ ತಂದೆ ಹೊನ್ನಾವರದ ಕಡೆಯ ಹಳ್ಳಿಯೊಂದರಲ್ಲಿ ಮದ್ದಳೆ ಬಾರಿಸುತ್ತಿದ್ದರು. ಅವರ ಕಾಲಾನಂತರ ಆ ಮದ್ದಳೆಯು ಬಹುಕಾಲ ಅಟ್ಟದ ಮೇಲಿತ್ತು. ನಾನು ಕಾಲೇಜಿನಲ್ಲಿ ಓದುತ್ತಿದ್ದಾಗ ಊರಿನ ತಂಡದವರು ಅದನ್ನು ಇಳಿಸಿ ಹೊಸ ಮುಚ್ಚಿಗೆ ಹಾಕಿಸಿದರು. ಅಂದಿನ ಭಾಗವತರ ಶ್ರುತಿಗೆ ಅದು ಇಳಿಯಲೇ ಇಲ್ಲ. ಸಡಿಲಿಸಿದರೆ ಬೊದ್ದಾಗಿ ನುಡಿಯಿತು. ಬಿಗಿದರೆ ಹಾಡು ತಲುಪಲಾರದ ಎತ್ತರದಲ್ಲಿ ಖಣಿಲೆಂದಿತು. ಮುಚ್ಚಿಗೆ ಹಾಕಿದವರು, ಒಡಲೇ ಸಣ್ಣದು, ಇದು ಬೇರೆ ಯಾರದೋ ದನಿಗೆ ಮಾಡಿಸಿದ್ದು ಎಂದರು. ಕೆಲಸಕ್ಕೆ ಬಾರದೆಂದು ಅದು ಮತ್ತೆ ಮೂಲೆ ಸೇರಿ, ಒಂದು ಮಳೆಗಾಲದಲ್ಲಿ ಒಣಸೌದೆ ಸಾಲದೆ ಬಂದಾಗ ಬಚ್ಚಲೊಲೆಗೆ ಹೋಯಿತು. ಯಾರೂ ತಪ್ಪು ಮಾಡಿದರೆಂದು ಹೇಳಲಾರೆ. ಹಂಡೆಗೆ ಬೆಂಕಿ ಹಾಕಿದವರಲ್ಲಿ ನಾನೂ ಒಬ್ಬ. ಆ ಮಾತಿನ ಅರ್ಥ ನನಗೆ ಹೊಳೆದುದು ವರ್ಷಗಳ ಮೇಲೆ. ಅಜ್ಜನ ಜೊತೆಗೆ ಹಾಡುತ್ತಿದ್ದ ಭಾಗವತರು ಯಾರು, ಅವರ ಷಡ್ಜ ಯಾವುದು ಎಂಬುದಕ್ಕೆ ಇದ್ದ ಒಂದೇ ಆಧಾರವು ಅದರ ಬಾಯಿಯ ಅಂಗುಲಗಳು. ಅವನ್ನು ಒಂದು ಚೂರು ಕಾಗದದ ಮೇಲೆ ಬರೆದಿಡಲು ಐದು ನಿಮಿಷ ಸಾಕಾಗುತ್ತಿತ್ತು.

ಭಟ್ಕಳದಿಂದ ಕುಮಟೆಯವರೆಗಿನ ಮನೆಗಳಲ್ಲಿ ಇಂತಹ ಒಡಲುಗಳು ಇನ್ನೂ ಇವೆ. ನಮ್ಮ ವಿದ್ಯಾರ್ಥಿಗಳು ರಜೆಯಲ್ಲಿ ಊರಿಗೆ ಹೋದಾಗ ಅವನ್ನು ಅಳೆದು ತರಬೇಕೆಂದು ಈ ವರ್ಷ ಕೇಳಿಕೊಂಡಿದ್ದೇನೆ. ಮದ್ದಳೆಯಾದರೆ ಎರಡು ಬಾಯಿಗಳ ಒಳವ್ಯಾಸ, ಒಡಲಿನ ಉದ್ದ, ಮರದ ದಪ್ಪ. ಗುಮಟೆಯಾದರೆ ತೆರೆದ ಬಾಯಿಯ ವ್ಯಾಸವನ್ನೂ ಅದರ ಕೊರಳಿನ ಉದ್ದವನ್ನೂ ಬಿಡದೆ, ಒಡಲೊಳಗೆ ಎಷ್ಟು ಅಕ್ಕಿ ಹಿಡಿಯುವುದೆಂಬುದನ್ನೂ ಸೇರಿನಲ್ಲೋ ಲೀಟರಿನಲ್ಲೋ ಅಳೆಯಬೇಕು. ಯಾರ ಕೈಯಲ್ಲಿತ್ತು, ಯಾರ ಹಾಡಿಗೆ ಬಾರಿಸುತ್ತಿದ್ದರು, ಚರ್ಮ ಕೊನೆಯ ಬಾರಿ ಯಾವಾಗ ಬದಲಾಯಿತು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ ಬರೆದುಕೊಳ್ಳಬೇಕು. ವಾದ್ಯವನ್ನು ಕೊಂಡುತರುವ ಅಗತ್ಯವಿಲ್ಲ. ಅದು ಇದ್ದಲ್ಲಿಯೇ ಇರಲಿ.

ಯುಕುಲೆಲೆಯ ವಿದ್ಯಾರ್ಥಿಯು ಸುಗ್ಗಿಯ ರಜೆಯಿಂದ ಮರಳುವಾಗ ಮೂರು ಗುಮಟೆಗಳ ಅಳತೆಯನ್ನು ತಂದಿದ್ದಾನೆ. ಅವುಗಳಲ್ಲಿ ಒಂದರ ಚರ್ಮವು ಹಳೆಯದೆಂದೂ, ಅದನ್ನು ಈಗ ಯಾರೂ ಬಾರಿಸುವುದಿಲ್ಲವೆಂದೂ, ಬಿಸಿಲಿಗಿಡಲು ಅವನ ಅಜ್ಜಿ ಒಪ್ಪಲಿಲ್ಲವೆಂದೂ ಅಂಚಿನಲ್ಲಿ ಬರೆದಿದ್ದಾನೆ.